ಹಿಮ್ಮಡಿಯ ಕ್ಲಚ್ಚು

ದೀಪಾವಳಿಯಿಂದ ಯುಗಾದಿಯ ತನಕ ನನ್ನ ಗಂಡನ ಬುಲೆಟ್ಟಿಗೆ ನಾನೇ ಕ್ಲಚ್ಚಾಗಿದ್ದೆ. ಕೇಳಿದವರು ನಗುತ್ತಾರೆ. ನಗಲಿ.

ಪುಣೆಯ ಸದಾಶಿವ ಪೇಠದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ನವರಾತ್ರಿಯ ಗಡಿಬಿಡಿಯಲ್ಲಿ ನಮ್ಮವರ, ಅಂದರೆ ತನಿಯಪ್ಪನವರ, ಎಡಗೈ ಹಿಟ್ಟು ರುಬ್ಬುವ ಗ್ರೈಂಡರಿನ ಬೆಲ್ಟಿಗೆ ಸಿಕ್ಕಿತು. ಕೈ ಉಳಿಯಿತು, ಬೆರಳುಗಳೂ ಉಳಿದವು, ಮಡಚುವ ಶಕ್ತಿ ಮಾತ್ರ ಹೋಯಿತು. ಹ್ಯಾಂಡಲಿನ ಮೇಲೆ ಅಂಗೈ ಊರಬಹುದು, ಕ್ಲಚ್ಚಿನ ಹಿಡಿ ಎಳೆಯಲಿಕ್ಕೆ ಆಗುವುದಿಲ್ಲ. ಕ್ಲಚ್ಚು ಎಳೆಯದೆ ಗೇರು ಬದಲಿಸುವ ಹಾಗಿಲ್ಲ.

"ಗೇರಿಲ್ಲದ ಸ್ಕೂಟರ್ ತೆಗೊಳ್ಳಿ" ಎಂದೆ.

"ಅದು ಹೆಂಗಸರ ಗಾಡಿ."

"ಹೆಂಗಸು ಇಲ್ಲೇ ನಿಂತಿದ್ದಾಳೆ, ಅವಳಿಗೆ ಕಿವಿ ಉಂಟು" ಎಂದೆ. ಅವರು ಬಟ್ಟೆ ತಗೊಂಡು ಬುಲೆಟ್ಟು ಒರೆಸಲಿಕ್ಕೆ ಹೋದರು.

ಮದುವೆಗೆ ಮೊದಲೇ ಕೊಂಡ ಬುಲೆಟ್ಟು ಅದು. ದಿನಾ ಬೆಳಗಿನ ಜಾವ ಅದರ ಮೇಲೆ ಮಾರ್ಕೆಟ್ ಯಾರ್ಡಿಗೆ ಹೋಗಿ ತೆಂಗಿನಕಾಯಿ, ತರಕಾರಿ ತರುವುದೆಂದರೆ ಅವರಿಗೆ ದೇವರ ಪೂಜೆಗಿಂತ ಮುಖ್ಯ. ಕೈಗೆ ಪೆಟ್ಟಾದ ಮೇಲೆ ಸಾಮಾನು ಟೆಂಪೋದಲ್ಲಿ ಬರತೊಡಗಿತು. ಒಂದು ಬೆಳಿಗ್ಗೆ ಕೆಳಗಿಳಿದು ನೋಡುತ್ತೇನೆ, ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಸುಮ್ಮನೆ ಕೂತಿದ್ದಾರೆ. ಎಂಜಿನ್ ಇಲ್ಲ, ದಾರಿ ಇಲ್ಲ, ಹೆಲ್ಮೆಟ್ ಮಾತ್ರ ಹಾಕಿಕೊಂಡಿದ್ದಾರೆ. ಸಂಕಟವಾದರೆ ನನಗೆ ಬರುವುದು ಸಿಟ್ಟು.

"ಸ್ವಲ್ಪ ಮುಂದೆ ಸರೀರಿ. ನಾನು ಹಿಂದೆ ಕೂತು ಎಳೀತೇನೆ."

ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕೂತರೆ ಕೈ ಹ್ಯಾಂಡಲಿಗೆ ತಲುಪುವುದಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಚೂಡಿದಾರ ತೊಟ್ಟು, ಎರಡೂ ಬದಿಗೆ ಕಾಲು ಹಾಕಿ, ಎದೆಯನ್ನು ಅವರ ಬೆನ್ನಿಗೆ ಒತ್ತಿ ಕೂತೆ. ಎದುರಿನ ಹಳೆ ವಾಡೆ ಮನೆಯ ಅಜ್ಜಿ ತುಳಸಿಗೆ ಹಾಕುತ್ತಿದ್ದ ನೀರನ್ನು ಕಾಲಿನ ಮೇಲೆ ಹಾಕಿಕೊಂಡಳು.

ಬುಲೆಟ್ಟಿನ ಗಲಾಟೆಯಲ್ಲಿ, ಹೆಲ್ಮೆಟ್ಟಿನೊಳಗೆ, ಮಾತು ಕೇಳುವುದಿಲ್ಲ. ಹಾಗಾಗಿ ಒಂದು ಗುರುತು ಹುಟ್ಟಿತು. ಗೇರು ಬದಲಿಸುವ ಮೊದಲು ಅವರು ಎಡ ಮೊಣಕೈಯನ್ನು ಪಕ್ಕೆಯಿಂದ ಚೂರು ಎತ್ತುತ್ತಿದ್ದರು. ಆ ಸಂದಿನಲ್ಲಿ ನನ್ನ ಕೈ ಮುಂದೆ ಹೋಗಿ ಹಿಡಿ ಎಳೆಯುತ್ತಿತ್ತು. ಹಳೆ ಬುಲೆಟ್ಟಲ್ಲವೇ, ಅವರ ಬಲಗಾಲು ಗೇರು ಒತ್ತುತ್ತಿತ್ತು. ಮೊಣಕೈ ಇಳಿದರೆ ನಾನು ಮೆಲ್ಲ ಬಿಡಬೇಕು. ಮೊದಮೊದಲು ಗಾಡಿ ಹಾರಿ ಹಾರಿ ಬೀಳುತ್ತಿತ್ತು, ನಾವಿಬ್ಬರೂ ಜಗಳಾಡುತ್ತಿದ್ದೆವು. ಆಮೇಲಾಮೇಲೆ ಮೊಣಕೈ ಎತ್ತುತ್ತಾರೆ ಎನ್ನುವುದು ಅವರ ಬೆನ್ನಿನಿಂದಲೇ ನನಗೆ ಮುಂಚೆ ಗೊತ್ತಾಗತೊಡಗಿತು.

ಪುಣೆಯ ಚಳಿಯಲ್ಲಿ ಸ್ವಾರಗೇಟ ದಾಟಿ ಹೋಗುವುದು, ಮಾರ್ಕೆಟ್ಟಿನ ಗೇಟಿನಲ್ಲಿ ನಿಂತು ಚಹಾ ಕುಡಿಯುವುದು. ಹೋಟೆಲಿನವರಾಗಿ ಬೇರೆಯವರ ಚಹಾಕ್ಕೆ ದುಡ್ಡು ಕೊಡುವುದೆಂದರೆ ನನಗೆ ಎಂಥದೋ ಮಜಾ. ಒಂದು ದಿನ ಮಾತ್ರ ಬುಲೆಟ್ಟು ಮಾರ್ಕೆಟ್ಟಿಗೆ ತಿರುಗದೆ ನೇರ ದಕ್ಷಿಣಕ್ಕೆ ಹೋಯಿತು. ಕಾತ್ರಜ್ ದಾಟಿ, ಗುಡ್ಡಗಳು ಕಾಣುವಲ್ಲಿ ನಿಲ್ಲಿಸಿ, "ಆಚೆ ಭೋರ್ ಅಂತ ಒಂದು ಊರು ಉಂಟು. ಒಮ್ಮೆ ಹೋಗುವ" ಎಂದರು. ಅಷ್ಟೇ. ತಿರುಗಿಸಿಕೊಂಡು ಬಂದೆವು. ಹೋಟೆಲು ತೆರೆಯುವುದು ತಡವಾಗಿ ಗಿರಾಕಿಗಳು ಮರಾಠಿಯಲ್ಲಿ ಚೆನ್ನಾಗಿ ಬೈದರು. ನನಗೆ ಆ ದಿನ ಬೈಗುಳವೂ ಸಿಹಿಯಾಗಿತ್ತು.

ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವರನ್ನು ಹಾಗೆ ಹಿಡಿದುಕೊಂಡಿರಲಿಲ್ಲ. ಮನೆ, ಹೋಟೆಲು, ಗಲ್ಲಾ, ಒಲೆ. ಹಿಡಿದುಕೊಳ್ಳಲಿಕ್ಕೆ ಯಾರಿಗೆ ಪುರುಸೊತ್ತು?

ಯುಗಾದಿಯ ಹೊತ್ತಿಗೆ ಅವರು ಸ್ವಾರಗೇಟದ ಹತ್ತಿರ ಒಬ್ಬ ಮೆಕ್ಯಾನಿಕನನ್ನು ಹುಡುಕಿದರು. ಅವ್ವಣ್ಣ, ವಿಜಯಪುರ ಕಡೆಯವನು. ಬೈಕಿನ ಸುತ್ತ ಎರಡು ಸುತ್ತು ಹಾಕಿ ಹೇಳಿದ:

"ಅಣ್ಣಾರ, ಇದು ಹಳೇ ಬುಲೆಟ್ಟು. ಗೇರು ಬಲಗಾಲಿಗೆ ಅದ, ಬ್ರೇಕು ಎಡಗಾಲಿಗೆ ಅದ. ಆ ಬ್ರೇಕಿನ ಪೆಡಲ್ಲಿಗೇ ಕ್ಲಚ್ ಕೂಡಿಸಿಬಿಡ್ತೀನಿ, ಬ್ರೇಕ್ ಬಲಗೈಗೆ ಕೊಡ್ತೀನಿ. ಭಾಳ ಸರಳ ಅದರಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ಇನ್ನ ನಿಮಗ ಸೂಟಿ ನೋಡ್ರಿ!" ಎಂದ.

ನಾನೇನು ರಜೆ ಕೇಳಿದ್ದೆನೇ?

ಮನೆಗೆ ಬಂದು ಇಳಿದ ಮೇಲೆ ಕೇಳಿದೆ, "ಇದೆಲ್ಲ ಎಂತಕ್ಕೆ ಈಗ? ನಡೀತಾ ಉಂಟಲ್ಲ."

"ನಿನಗೆ ದಿನಾ ಬೆಳಗಿನ ಜಾವ ಏಳ್ಲಿಕ್ಕೆ ಕಷ್ಟ ಅಲ್ವಾ" ಎಂದರು.

ನನ್ನ ಕಷ್ಟಕ್ಕೋ, ಅವರ ಖುಷಿಗೋ ಎಂದು ಕೇಳುವ ಧೈರ್ಯವಾಗಲಿಲ್ಲ. ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಇಷ್ಟು ದಿನ ಹಿಂದೆ ಕೂತಿದ್ದವಳು ಅವರಿಗೆ ಹೆಂಡತಿಯೋ, ಇಲ್ಲಾ ಒಳ್ಳೆಯದು ಸಿಗುವ ತನಕ ಹಾಕಿಕೊಂಡ ಬಿಡಿಭಾಗವೋ?

ಪೆಡಲು ತಯಾರಾಯಿತು. ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಅವರು ಒಬ್ಬರೇ ಹೊರಟರು. ಹೊರಟದ್ದು ರಾಜನ ಹಾಗೆ. ಅಡ್ಡ ಒಂದು ರಿಕ್ಷಾ ಬಂತು. ನಿಲ್ಲಿಸಲಿಕ್ಕೆಂದು ಎಡಗಾಲು ಒತ್ತಿದರು. ಎಷ್ಟೋ ವರ್ಷ ಆ ಕಾಲಿಗೆ ಆ ಪೆಡಲು ಎಂದರೆ ಬ್ರೇಕು. ಈಗ ಅದು ಕ್ಲಚ್ಚು. ಗಾಡಿ ನಿಲ್ಲುವ ಬದಲು ಹಗುರಾಗಿ ಮುಂದೆ ತೇಲಿಹೋಗಿ ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆಯ ರಾಶಿಗೆ ನುಗ್ಗಿತು. ಏನೂ ಆಗಲಿಲ್ಲ, ಮೈಯೆಲ್ಲ ಸಿಪ್ಪೆ ಅಷ್ಟೇ. ನಾನು ಓಡಿದೆ. ಓಡುವಾಗ ಹೆದರಿಕೆಯ ಕೆಳಗೆ ಒಂದು ಸಂತೋಷವೂ ಇತ್ತು. ಈ ಪೆಡಲು ಆಗ್ಲಿಕ್ಕಿಲ್ಲ, ಇನ್ನು ನಾನೇ ಬೇಕು, ಎಂದು. ಹೇಳಲಿಕ್ಕೆ ನಾಚಿಕೆ, ಆದರೆ ಇತ್ತು.

ಅವ್ವಣ್ಣ ಸಿಪ್ಪೆ ಕೊಡವುತ್ತಾ ಯೋಚಿಸಿದ. "ಕಾಲಿಗೆ ಬಿದ್ದ ರೂಢಿ ಬಿಡಸೂದು ನನ್ನ ಕೈಲೆ ಆಗೂದಿಲ್ರಿ. ಬ್ರೇಕು ಇದ್ದಲ್ಲೇ ಇರ್ಲಿ. ಕ್ಲಚ್ಚಿಗೆ ಹಿಂದ ಬ್ಯಾರೆ ಪೆಡಲ್ ಹಾಕ್ತೀನಿ, ಹಿಮ್ಮಡೀಲೆ ಒತ್ರಿ."

ಕಬ್ಬಿಣದ ಪಟ್ಟಿ ಬಗ್ಗಿಸಿ, ವೆಲ್ಡಿಂಗ್ ಮಾಡಿ, ಕೇಬಲ್ಲನ್ನು ಹ್ಯಾಂಡಲಿನಿಂದ ಕಿತ್ತು ಕೆಳಗಿನ ಹೊಸ ಪೆಡಲಿಗೆ ಜೋಡಿಸಿದ. ಕಾಲ್ಬೆರಳಿಗೆ ಬ್ರೇಕು, ಹಿಮ್ಮಡಿಗೆ ಕ್ಲಚ್ಚು. ಈ ಸಲ ಕೆಲಸ ಮಾಡಿತು. ನಾನು ಎಳೆಯುತ್ತಿದ್ದ ಹಿಡಿಯನ್ನು ಬಿಚ್ಚಿ ಹಳೆ ಸಾಮಾನಿನ ಡಬ್ಬಿಗೆ ಹಾಕಿದ. ಅದು ಠಣ್ ಎಂದದ್ದು ನನಗೆ ಇವತ್ತಿಗೂ ಕೇಳುತ್ತದೆ.

ಮರುದಿನದಿಂದ ಅವರು ಒಬ್ಬರೇ. ನಾನು ಮೇಲಿನ ಗ್ಯಾಲರಿಯಲ್ಲಿ ನಿಲ್ಲುತ್ತಿದ್ದೆ, ಬಟ್ಟೆ ಒಣಗಿಸುವ ನೆಪ. ಬರುವಾಗ ನನ್ನ ಜಾಗದಲ್ಲಿ ತೆಂಗಿನಕಾಯಿ ಚೀಲ ಹಗ್ಗ ಬಿಗಿಸಿಕೊಂಡು ಮಹಾರಾಣಿಯ ಹಾಗೆ ಕೂತಿರುತ್ತಿತ್ತು. ಆ ಚೀಲದ ಮೇಲೆ ನನಗೆ ಬಂದಷ್ಟು ಹೊಟ್ಟೆಕಿಚ್ಚು ಯಾವ ಹೆಂಗಸಿನ ಮೇಲೂ ಬಂದಿರಲಿಲ್ಲ. ಚೂಡಿದಾರ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ಗಿರಾಕಿಗಳು ಹೇಳತೊಡಗಿದರು. ಹೆಚ್ಚಾಗಲಿ.

ಒಂದು ಬೆಳಿಗ್ಗೆ ಬುಲೆಟ್ಟಿನ ಸದ್ದು ಕೇಳಿ ಕಟ್ಟೆಗೆ ಬಾಗಿ ನೋಡಿದೆ. ಅವರು ಮೂಲೆಯಲ್ಲಿ ನಮ್ಮ ಬೀದಿಗೆ ತಿರುಗುತ್ತಿದ್ದರು. ತಿರುವಿನಲ್ಲಿ ಗೇರು ಇಳಿಸಬೇಕು. ಹಿಮ್ಮಡಿ ಒತ್ತಿತು. ಅದರ ಜೊತೆಗೇ ಎಡ ಮೊಣಕೈ ಪಕ್ಕೆಯಿಂದ ಚೂರು ಮೇಲೆದ್ದಿತು.

ಹಿಂದೆ ಚೀಲ. ಚೀಲಕ್ಕೆ ಕೈಯಿಲ್ಲ.

ಮೊಣಕೈ ಹಾಗೇ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಅವರಿಗೆ ನೆನಪಾಗಿರಬೇಕು, ಇಳಿಸಿದರು. ಗ್ಯಾಲರಿಯ ಕಟ್ಟೆಯ ಮೇಲೆ ನನ್ನ ಎಡಗೈ ಮುಷ್ಟಿಯಾಗಿತ್ತು. ಹಿಂಡುತ್ತಿದ್ದ ಬಟ್ಟೆ ಕೆಳಗೆ ಬಿದ್ದಿತ್ತು.

ಮೆಟ್ಟಿಲು ಇಳಿದು ಹೋದೆ. ಅವರು ಒಂದೇ ಕೈಯಲ್ಲಿ ಚೀಲದ ಗಂಟಿನ ಜೊತೆ ಗುದ್ದಾಡುತ್ತಿದ್ದರು.

"ನಾಳೆಯಿಂದ ನಾನೂ ಬರ್ತೇನೆ" ಎಂದೆ.

"ಎಂತಕ್ಕೆ? ಕ್ಲಚ್ಚು ಸರಿ ಉಂಟಲ್ಲ."

"ಚೀಲ ಹಿಡಿಯಲಿಕ್ಕೆ."

ಅವರು ಗಂಟು ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ಹಿಂದಿನ ಸೀಟು ನೋಡಿದರು. ನಾನು ಮೇಲಿನಿಂದ ನೋಡಿದ್ದು ಅವರಿಗೆ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು. ಅವರ ಕಿವಿ ಕೆಂಪಾದವು.

"ಚೀಲ ಮುಂದೆ ಟ್ಯಾಂಕಿನ ಮೇಲೆ ಇಡ್ಬಹುದು" ಎಂದರು.