ಅರ್ಧ ಆಟದ ನಡಿಗೆ

ತಿಂಗಳಿಗೊಮ್ಮೆ ರೂಫಸ್ ಗ್ಲೆಡ್‌ಹಿಲ್ ಏಣಿ ಹತ್ತಿ ರಗ್ಬಿ ಕ್ಲಬ್ಬಿನ ಕಚೇರಿಯ ಕಿಟಕಿ ತೊಳೆಯಲು ಬಂದಾಗಲೆಲ್ಲ ಹೆಸ್ಟರ್ ಮೇಜಿನ ಕೆಳಗೆ ಬಗ್ಗಿ, ಬಿದ್ದೇ ಇರದ ಪೆನ್ಸಿಲ್ಲನ್ನು ಹುಡುಕುತ್ತಿದ್ದಳು. ಗಾಜಿನಾಚೆ ಒಂದು ಗೇಣು ದೂರದಲ್ಲಿ ಒಬ್ಬ ಗಂಡಸು ನಿಂತು ಕೈಯಾಡಿಸುತ್ತಿದ್ದರೆ ತನ್ನ ಮುಖವನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಜೂನ್ ತಿಂಗಳ ಆ ಮಂಗಳವಾರ ಅವಳು ಬಗ್ಗಲಿಲ್ಲ. ಬಿಳಿ ಹಾಳೆಯೊಂದರಲ್ಲಿ ದಪ್ಪಕ್ಷರದಲ್ಲಿ ಬರೆದು ಗಾಜಿಗೆ ಒತ್ತಿ ಹಿಡಿದಳು.

"ಭಾನುವಾರ ನಿಮಗೇನು ಕೆಲಸ?"

ರೂಫಸ್ ಉಜ್ಜುವುದನ್ನು ನಿಲ್ಲಿಸಿ ಓದಿದ. ಆಮೇಲೆ ಸೋಪಿನ ನೊರೆಯಲ್ಲೇ ಬೆರಳಾಡಿಸಿ ಉತ್ತರ ಬರೆದ. ಒಳಗಿನಿಂದ ಅಕ್ಷರಗಳೆಲ್ಲ ತಿರುಗಿ ಕಂಡವು. ಹೆಸ್ಟರ್ ಕತ್ತು ಓರೆ ಮಾಡಿ ನಿಧಾನವಾಗಿ ಓದಿಕೊಂಡಳು. "ಏನೂ ಇಲ್ಲ. ಬೇಜಾರಲ್ಲಿ ಸಾಯ್ತಾ ಇದೀನಿ."

ಸುಳ್ಳಲ್ಲ. ಫುಟ್ಬಾಲ್ ಮೇ ತಿಂಗಳಲ್ಲೇ ಮುಗಿದಿತ್ತು, ಮತ್ತೆ ಶುರುವಾಗಲು ಆಗಸ್ಟ್ ಬರಬೇಕು. ಬ್ರ್ಯಾಕ್‌ಶಾ ಊರಿನ ಫುಟ್ಬಾಲ್ ತಂಡಕ್ಕೆ ನಗಾರಿ ಬಾರಿಸುವವನು ರೂಫಸ್. ಅವನ ನಗಾರಿ ಎಲ್ಲಿಗೆ ಹೋದರೂ ಹಿಂದೆ ಐನೂರು ಗಂಟಲು ಹೋಗುತ್ತಿದ್ದವು. ಬೇಸಿಗೆಯಲ್ಲಿ ಆ ಐನೂರು ಗಂಟಲುಗಳೂ ಹೆಂಡತಿಯರ ಜೊತೆ ಪರದೆ ಬಟ್ಟೆ ಆರಿಸಲು ಅಂಗಡಿ ಅಂಗಡಿ ಅಲೆಯುತ್ತಿದ್ದವು.

ಹೆಸ್ಟರಳಿಗೆ ಅವೇ ಬೇಕಿದ್ದವು. ರಗ್ಬಿ ಕ್ಲಬ್ಬಿನ ಹಳೆಯ ಮೈದಾನಕ್ಕೆ ವಸಂತದಲ್ಲಿ ಬೀಗ ಬಿದ್ದಿತ್ತು. ನೋಡಲು ಬಂದ ಇಂಜಿನಿಯರು ಚಾವಣಿಯ ತೊಲೆಯನ್ನು ಬೆರಳಿಂದ ಚುಚ್ಚಿದಾಗ ಬೆರಳು ಒಳಗೇ ಹೋಗಿತ್ತಂತೆ. ಫುಟ್ಬಾಲ್ ಕ್ಲಬ್ಬಿನವರು ತಮ್ಮ ಮೈದಾನವನ್ನು ಒಂದೇ ಒಂದು ಭಾನುವಾರಕ್ಕೆ ಕೊಡಲು ಒಪ್ಪಿದ್ದರು. ಅಂದು ಎರಡು ಸಾವಿರ ಜನ ಬಂದು, ಗಲಾಟೆಯಿಲ್ಲದೆ ಆಟ ಮುಗಿದರೆ ಇಡೀ ಬೇಸಿಗೆಗೆ ಕೊಡುತ್ತಾರೆ. ಇಲ್ಲದಿದ್ದರೆ ಇಲ್ಲ. ಆಡಲು ಮೈದಾನವಿಲ್ಲದ ತಂಡವನ್ನು ಲೀಗಿನವರು ಇಟ್ಟುಕೊಳ್ಳುವುದಿಲ್ಲ. ನೂರಾ ಹನ್ನೆರಡು ವರ್ಷದ ತಂಡ ಅಲ್ಲಿಗೆ ಮುಗಿದಂತೆ.

ರಗ್ಬಿಗೆ ಬರುತ್ತಿದ್ದವರು ಎಂಟುನೂರು, ಅದೂ ಬಿಸಿಲಿದ್ದರೆ. ಎದುರಾಳಿ ಹಾಲ್ಡನ್ ಊರಿನಿಂದ ನಾನೂರು ಬರಬಹುದು. ಮಿಕ್ಕವರು?

"ಫುಟ್ಬಾಲ್‌ನೋರನ್ನ ಕರೆಯೋಣ," ಎಂದು ಹೆಸ್ಟರ್ ಸಭೆಯಲ್ಲಿ ಎಷ್ಟು ಮೆಲ್ಲಗೆ ಹೇಳಿದ್ದಳೆಂದರೆ ಎರಡು ಸಲ ಹೇಳಬೇಕಾಯಿತು. ಅಧ್ಯಕ್ಷೆ ವಿನಿಫ್ರೆಡ್ ಎಪ್ಪತ್ತು ದಾಟಿದ ಹೆಂಗಸು, ಒಂದು ಕಾಲಕ್ಕೆ ತಂಡದ ಅಂಗಿಗಳನ್ನೆಲ್ಲ ಕೈಯಲ್ಲೇ ಒಗೆದವಳು. "ಬೆಕ್ಕನ್ನ ಸ್ನಾನಕ್ಕೆ ಕರೆದಂಗಾಯ್ತು," ಎಂದು ನಕ್ಕಳು. ಆಮೇಲೆ, "ಸರಿ ಚಿನ್ನ, ನೀನೇ ಕರಿ," ಅಂದಳು.

ಹೆಸ್ಟರ್ ಎರಡನೆಯ ಹಾಳೆ ಹಿಡಿದಳು. "ನಮ್ಮ ಆಟಕ್ಕೆ ಬನ್ನಿ. ನಗಾರಿ ಸಮೇತ."

ಹೊರಗೆ ನೊರೆಯಲ್ಲಿ, "ಮೊಟ್ಟೆ ಚೆಂಡಿನ ಆಟಾನಾ?"

ಮೂರನೆಯ ಹಾಳೆ. "ಹಾಲ್ಡನ್ ವಿರುದ್ಧ."

ರೂಫಸ್ ನೊರೆಯನ್ನೆಲ್ಲ ಒಂದೇ ಎಳೆತಕ್ಕೆ ಬಳಿದು ಹಾಕಿ, ಕಿಟಕಿಯನ್ನು ಹೊರಗಿನಿಂದಲೇ ಎತ್ತಿ ತಲೆ ಒಳಗೆ ತೂರಿಸಿದ. "ಹಾಲ್ಡನ್ನಾ? ಮೊದಲೇ ಹೇಳ್ಬಾರ್ದಾ ಚಿನ್ನ? ಅವರನ್ನ ಬೈಯೋಕೆ ಬಿಡ್ತೀರಾ?"

"ಬೈಬಹುದು," ಎಂದಳು ಹೆಸ್ಟರ್, ಅವನ ಕಿವಿಯ ಕಡೆ ನೋಡುತ್ತ.

"ಬಿಯರು?"

"ಕೈಯಲ್ಲಿ ಹಿಡ್ಕೊಂಡೇ ಆಟ ನೋಡ್ಬಹುದು."

"ಮೈದಾನ ಕಾಣೋ ಜಾಗದಲ್ಲಿ?"

"ಹೂಂ."

ಫುಟ್ಬಾಲಿನಲ್ಲಿ ಅದಕ್ಕೆ ಬಿಡುವುದಿಲ್ಲ. ಗ್ಲಾಸು ಹಿಡಿದವನು ಗೋಡೆಯ ಹಿಂದೆ ನಿಂತು ಗಟಗಟ ಮುಗಿಸಿ ಒಳಗೆ ಬರಬೇಕು. ರೂಫಸ್ ಟೋಪಿ ತೆಗೆದ. "ಇದನ್ನ ಇಷ್ಟು ವರ್ಷ ನಮ್ಮಿಂದ ಮುಚ್ಚಿಟ್ಟಿದ್ರಾ ನೀವು?"

ಹೀಗೆ ಒಪ್ಪಂದವಾಯಿತು. ಹೆಸ್ಟರ್ ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದ್ದಳು. ಮೈದಾನದ ಕಾವಲಿನ ಮುಖ್ಯಸ್ಥ ಬರ್ನಾರ್ಡನಿಗೂ ಪುಟಗಟ್ಟಲೆ ವಿವರ ಬರೆದು ಕಳಿಸಿದ್ದಳು. ಒಂದು ಮಾತ್ರ ಬಿಟ್ಟುಹೋಗಿತ್ತು. ಅದು ಹೇಳಬೇಕಾದ ಸಂಗತಿಯೆಂದು ಅವಳಿಗಾಗಲಿ ವಿನಿಫ್ರೆಡ್‌ಗಾಗಲಿ ಹೊಳೆಯಲೇ ಇಲ್ಲ. ಉಸಿರಾಡುತ್ತೇವೆಂದು ಯಾರು ಯಾರಿಗೆ ಹೇಳಿ ಕಳಿಸುತ್ತಾರೆ?

ಭಾನುವಾರ ಬಿಸಿಲು ಚೆನ್ನಾಗಿ ಬಿತ್ತು. ಎರಡು ಗಂಟೆಗೆಲ್ಲ ಗ್ಯಾಸ್ ಬೀದಿಯ ತುದಿಯಲ್ಲಿ ನಗಾರಿ ಕೇಳಿಸಿತು. ಹೆಸ್ಟರ್ ಗೇಟಿನ ಕಡೆ ಓಡಿದಳು. ಫುಟ್ಬಾಲಿನ ನೀಲಿ ಅಂಗಿ ತೊಟ್ಟ ಗಂಡಸರು, ಹುಡುಗಿಯರು, ಹೆಗಲ ಮೇಲೆ ಮಕ್ಕಳು. ತಿರುಗುವ ಗೇಟಿನ ಹತ್ತಿರ ಬಂದ ಒಬ್ಬ ದಢೂತಿ ಆಸಾಮಿ ಅನುಮಾನದಿಂದ ಕೇಳಿದ, "ಹಾಲ್ಡನ್‌ನೋರ ಗೇಟು ಯಾವ್ದು? ತಪ್ಪಿ ಅಲ್ಲಿ ಹೋಗಿಬಿಟ್ರೆ ಕಷ್ಟ."

"ಇದೇ," ಅಂದ ಗೇಟು ಕಾಯುವ ಜೆತ್ರೋ. "ಎಲ್ಲಾರ್ಗೂ ಇದೇ. ನಿನ್ನ ಮುಂದೆ ನಿಂತಿರೋ ಅಜ್ಜಿ ಹಾಲ್ಡನ್‌ನೋಳು. ಕಚ್ಚೋದಿಲ್ಲ, ನಡಿ."

ಮಡಿಚುವ ಕುರ್ಚಿ ಕಂಕುಳಲ್ಲಿ ಹಿಡಿದಿದ್ದ ಆ ಅಜ್ಜಿ ಹಿಂತಿರುಗಿ, "ಹಲ್ಲು ಕಟ್ಟಿಸಿದ್ದು ಕಣಪ್ಪ, ಸುಮ್ನೆ ಸವೆಸೋಕಾಗಲ್ಲ," ಎಂದಳು.

ಬ್ರ್ಯಾಕ್‌ಶಾದವರು ತಮ್ಮ ತಂಡ ದಾಳಿ ಮಾಡುವ ರೈಲು ಕಡೆಯ ಕಂಬಗಳ ಹಿಂದೆ ನಿಂತರು. ಹಾಲ್ಡನ್‌ನವರು ಎದುರು ತುದಿಯ ಕಾಲುವೆ ಕಡೆಯಲ್ಲಿ. ಎರಡು ಗುಂಪು ಎರಡು ತುದಿಯಲ್ಲಿ ತಾವಾಗಿಯೇ ನಿಂತದ್ದು ನೋಡಿ ಬರ್ನಾರ್ಡನಿಗೆ ಖುಷಿಯೋ ಖುಷಿ. ನಡುವಿನ ಓಣಿಯ ಕಬ್ಬಿಣದ ಗೇಟಿನ ಬೀಗವನ್ನು ಒಮ್ಮೆ ಅಲುಗಿಸಿ ನೋಡಿ, ತನ್ನ ಹಳದಿ ಕೋಟಿನ ಗುಂಡಿ ಹಾಕಿಕೊಂಡ. ಹೋದ ಚಳಿಗಾಲ ಇದೇ ಎರಡು ಊರುಗಳ ಫುಟ್ಬಾಲ್ ಆಟಕ್ಕೆ ಕುದುರೆ ಪೊಲೀಸರು ಬರಬೇಕಾಗಿತ್ತು.

ಆಟ ಶುರುವಾದ ಏಳನೆಯ ನಿಮಿಷಕ್ಕೆ ಬ್ರ್ಯಾಕ್‌ಶಾದ ಹುಡುಗ ಚೆಂಡನ್ನು ನೆಲಕ್ಕಿಟ್ಟು ಒದ್ದ. ಅದು ಅಡ್ಡಪಟ್ಟಿಯ ಮೇಲಿಂದ ಹಾರಿ ಎಲ್ಲೋ ಹೋಯಿತು. ನೀಲಿ ಅಂಗಿಯ ಐನೂರು ಜನ ಹುಟ್ಟಿನಿಂದ ಬಂದ ಅಭ್ಯಾಸದಂತೆ ಹೋ ಎಂದು ಗೇಲಿ ಮಾಡಿದರು. "ಆಕಾಶದಲ್ಲಿ ಗೋಲ್‌ಕೀಪರ್ ಯಾರಿದಾನೋ!" ಎಂದು ಒಬ್ಬ ಕೂಗಿದ. ಪಕ್ಕದ ಮುದುಕ ಅವನ ತೋಳು ಹಿಡಿದ.

"ಅದು ನಮ್ಗೆ ಎರಡು ಅಂಕ ಕಣೋ."

"ಮೇಲಿಂದ ಹೋದ್ರೆ?"

"ಮೇಲಿಂದ ಹೋದ್ರೇನೇ."

ರೂಫಸ್ ಸ್ವಲ್ಪ ಹೊತ್ತು ಆ ಕಂಬಗಳನ್ನೇ ದಿಟ್ಟಿಸಿದ. "ನಮ್ಮ ಫುಟ್ಬಾಲ್ ಹುಡುಗ್ರನ್ನ ಇಲ್ಲಿಗೆ ಕಳಿಸ್ಬೇಕಿತ್ತು. ಇಷ್ಟೊತ್ತಿಗೆ ಚಾಂಪಿಯನ್ ಆಗಿರೋರು."

ಅವನಿಗೆ ಆಟ ಹತ್ತಿದ್ದು ಎಣಿಕೆಯಿಂದ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕೆಡವುತ್ತಾರೆ, ಅವನ ಕಡೆಯವರು ಎದ್ದು ಮತ್ತೆ ನುಗ್ಗುತ್ತಾರೆ. ಆರು ಸಲ ಕೆಡವಿದರೆ ಚೆಂಡು ಎದುರಾಳಿಗಳ ಪಾಲು. ಮುದುಕ ಬೆರಳು ಮಡಚಿ ತೋರಿಸುತ್ತಿದ್ದ. ರೂಫಸನ ಕೈಗೆ ಅದು ಸಾಕಾಯಿತು. ಒಬ್ಬ ಬಿದ್ದ, ನಗಾರಿ ಒಂದು ಏಟು. ಇನ್ನೊಬ್ಬ ಬಿದ್ದ, ಎರಡು. ಮೂರು. ನಾಲ್ಕು. ಐದಕ್ಕೆ ಬರುವಾಗ ಇಡೀ ರೈಲು ಕಡೆ ಪಾದ ಕುಟ್ಟುತ್ತಿತ್ತು. ನೂರಾ ಹನ್ನೆರಡು ವರ್ಷ ಬಾಯಲ್ಲೇ ಗೊಣಗುತ್ತ ಎಣಿಸಿದ್ದ ರಗ್ಬಿಯವರಿಗೆ ತಮ್ಮ ಆಟಕ್ಕೆ ಇಂಥದ್ದೊಂದು ಸದ್ದು ಇದೆಯೆಂದು ಅವತ್ತೇ ಗೊತ್ತಾದದ್ದು.

ಆದರೆ ಅರ್ಧ ಆಟ ಮುಗಿದಾಗ ಗೇಟುಗಳ ಎಣಿಕೆ ಸಾವಿರದ ಒಂಬೈನೂರ ಹನ್ನೆರಡಕ್ಕೆ ನಿಂತಿತ್ತು. ಹೆಸ್ಟರ್ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಟ್ಟಳು. ವಿನಿಫ್ರೆಡ್ ಅದನ್ನು ಎರಡು ಸಲ ಮಡಚಿ ಕೈಚೀಲದಲ್ಲಿಟ್ಟುಕೊಂಡಳು. ಇನ್ನೂ ಎಂಬತ್ತೆಂಟು ಜನ ಬೇಕು.

"ಮುಚ್ಚಲಾ?" ಎಂದು ಕೇಳಿದ ಜೆತ್ರೋ. "ಅರ್ಧ ಆದ್ಮೇಲೆ ಯಾರು ಬರ್ತಾರೆ?"

"ಕಾಲುವೆ ಕಡೇದೊಂದು ತೆಗೆದಿಡಿ," ಎಂದಳು ಹೆಸ್ಟರ್. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೈದಾನದಲ್ಲಿ ಬೇರೊಂದು ಸದ್ದೆದ್ದಿತು. ಅರ್ಧ ಆಟಕ್ಕೆ ತಂಡಗಳು ತುದಿ ಬದಲಾಯಿಸುತ್ತವೆ. ತಮ್ಮವರು ದಾಳಿ ಮಾಡುವ ಕಡೆಗೇ ನಿಲ್ಲಬೇಕೆಂದು ರಗ್ಬಿಯ ಜನರೂ ತುದಿ ಬದಲಾಯಿಸುತ್ತಾರೆ. ಅಜ್ಜಂದಿರ ಕಾಲದಿಂದ ಹಾಗೆಯೇ. ಬ್ರ್ಯಾಕ್‌ಶಾದ ಎಂಟುನೂರು ಮಂದಿ ಫ್ಲಾಸ್ಕು, ಮಾಂಸದ ಪೈ, ಮಕ್ಕಳನ್ನೆತ್ತಿಕೊಂಡು ಕಾಲುವೆ ಕಡೆಗೆ ಹೊರಟರು. ಹಾಲ್ಡನ್‌ನ ನಾನೂರು ಮಂದಿ ಕುರ್ಚಿ, ಕೊಡೆಗಳನ್ನೆತ್ತಿಕೊಂಡು ರೈಲು ಕಡೆಗೆ ಹೊರಟರು. ನಡುವೆ ಬೀಗ ಹಾಕಿದ ಗೇಟು.

ಬರ್ನಾರ್ಡ್ ಸೊಂಟದ ವಾಕಿಟಾಕಿ ಎತ್ತಿದ. "ಎರಡೂ ಕಡೆಯೋರು ಎದುರಾಬದುರಾ ಬರ್ತಿದಾರೆ. ಎಲ್ಲಾರೂ ಗೇಟಿನ ಹತ್ರ ಬನ್ನಿ," ಎಂದು ಅದರಲ್ಲಿ ಅರಚಿದ. ಹಳದಿ ಕೋಟುಗಳು ಓಡಿಬಂದು ಸಾಲಾಗಿ ನಿಂತವು. ಅದನ್ನು ನೋಡಿ ನೀಲಿ ಅಂಗಿಯವರಿಗೆ ಅರ್ಥವಾಗಿದ್ದು ಒಂದೇ: ಹಾಲ್ಡನ್‌ನವರು ಮೇಲೆ ಬೀಳಲು ಬರುತ್ತಿದ್ದಾರೆ. ಜಾಕೆಟ್ಟುಗಳು ಕಳಚಿದವು. ಹಾಲ್ಡನ್‌ನ ತಾಯಂದಿರ ಬಗ್ಗೆ ಒಂದು ಹಾಡಿತ್ತು, ಅದು ಎದ್ದಿತು.

ಹೆಸ್ಟರ್ ಓಡಿದಳು. "ಅವರು ಹೊಡೆದಾಡೋಕೆ ಬರ್ತಿಲ್ಲ," ಎಂದಳು ಬರ್ನಾರ್ಡನಿಗೆ.

"ಮತ್ತೆ ಯಾಕೆ ಬರ್ತಿದಾರೆ?"

"ಅರ್ಧ ಆಟ ಆಯ್ತಲ್ಲ, ಅದಕ್ಕೆ."

"ಇದೆಂಥ ಉತ್ತರಾನಮ್ಮ? ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಎರಡು ಗುಂಪು ಮುಖಾಮುಖಿಯಾದ್ರೆ ಏನಾಗುತ್ತೆ ಅಂತ ನಂಗೆ ಗೊತ್ತು. ಪೊಲೀಸಿಗೆ ಹೇಳಿ ಆಟ ನಿಲ್ಲಿಸ್ತೀನಿ."

ಆಟ ನಿಂತರೆ ಎಲ್ಲವೂ ನಿಂತಂತೆ. ಹೆಸ್ಟರ್ ರೂಫಸನ ಕಡೆ ತಿರುಗಿ ಅವನ ಹೆಸರು ಕೂಗಿದಳು. ಆ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಕೇಳಿಸುವಂತೆ ಕೂಗಿ ಅವಳಿಗೆ ಅಭ್ಯಾಸವೂ ಇರಲಿಲ್ಲ. ಆಟದ ಪುಸ್ತಿಕೆಯ ಹಿಂದಿನ ಖಾಲಿ ಪುಟವನ್ನು ಹರಿದು, ಬೆನ್ನು ಕೊಟ್ಟು ನಿಂತ ಒಬ್ಬ ಕಾವಲುಗಾರನ ಹಳದಿ ಕೋಟನ್ನೇ ಮೇಜು ಮಾಡಿಕೊಂಡು ಬರೆದು, ತುದಿಗಾಲಲ್ಲಿ ನಿಂತು ತಲೆಯ ಮೇಲೆ ಎತ್ತಿ ಹಿಡಿದಳು. ಸಾವಿರ ಕಣ್ಣು ತನ್ನ ಮೇಲೆ ಬಿದ್ದವೆಂದು ಅವಳಿಗೆ ಗೊತ್ತಾಯಿತು. ಕೈ ಇಳಿಸಲಿಲ್ಲ.

"ಜಾಗ ಬದಲಾಯಿಸ್ತಿದಾರೆ ಅಷ್ಟೇ. ಎಣಿಸ್ತಾ ನಡೀರಿ."

ರೂಫಸ್ ಓದಿದ. ಕಣ್ಣು ಕಿರಿದು ಮಾಡಿ ಎದುರಿನ ಗುಂಪನ್ನು ನೋಡಿದ. ಮುಂದಿನ ಸಾಲಿನಲ್ಲಿ ಕುರ್ಚಿ ಹೊತ್ತ ಅಜ್ಜಿಯಿದ್ದಳು, ಅವಳ ಹಿಂದೆ ಮಗುವಿನ ಗಾಡಿ. ಅವನು ಹಾಡಿಗೆ ಬಾರಿಸುತ್ತಿದ್ದ ಕೋಲನ್ನು ತಡೆದ. ಆಮೇಲೆ ಒಂದು ಏಟು. ಒಂದು ಹೆಜ್ಜೆ. ಎರಡು. ಮೂರು. ನಗಾರಿ ಹೊರಟಿತು, ನಗಾರಿ ಹೊರಟ ಮೇಲೆ ಐನೂರು ಮಂದಿಗೆ ನಿಂತು ಗೊತ್ತಿರಲಿಲ್ಲ. ಜಾಕೆಟ್ಟು ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಸಾಲಾದರು.

ಗೇಟಿನ ಆಚೆಯಿಂದ ಅಜ್ಜಿ ಕುರ್ಚಿಯ ಕಾಲಲ್ಲಿ ಕಂಬಿ ತಟ್ಟಿದಳು. "ಮಗಾ, ಹಳದಿ ಕೋಟು. ಬೀಗ ತೆಗೀತೀಯೋ ಇಲ್ಲಾ ಇಲ್ಲೇ ಬೇರು ಬಿಡ್ಲೋ? ಮುಂದಿನ ಸಾಲು ಹೋಗುತ್ತೆ ನಂದು."

ಬರ್ನಾರ್ಡ್ ಅಜ್ಜಿಯನ್ನು ನೋಡಿದ, ತನ್ನ ಊರಿನ ನಗಾರಿಯನ್ನು ನೋಡಿದ, ಕೀಲಿ ತೆಗೆದ. ತುಕ್ಕು ಹಿಡಿದ ಬೀಗಕ್ಕೆ ಇಬ್ಬರು ಜಗ್ಗಬೇಕಾಯಿತು.

ಓಣಿ ಇಕ್ಕಟ್ಟಾಗಿತ್ತು. ಭುಜಕ್ಕೆ ಭುಜ ತಾಗಿಸಿಕೊಂಡು ಎರಡು ಊರು ಒಂದನ್ನೊಂದು ದಾಟಿದವು. ಇಷ್ಟು ಹತ್ತಿರದಿಂದ ಯಾರ ತಾಯಿಯ ಬಗ್ಗೆಯೂ ಹಾಡಲಾಗುವುದಿಲ್ಲ, ತಾಯಿಯೇ ಎದುರಿಗೆ ಬರುತ್ತಿರುತ್ತಾಳೆ. ರೂಫಸನ ಎರಡೂ ಕೈ ನಗಾರಿಯ ಮೇಲಿದ್ದವು, ಅಜ್ಜಿ ಒಂದು ಪೆಪ್ಪರ್ಮೆಂಟು ಬಿಡಿಸಿ ಅವನ ಬಾಯಿಗೇ ಹಾಕಿದಳು.

"ಹಾಡು ಚೆನ್ನಾಗಿತ್ತಪ್ಪ. ಎರಡನೇ ಸಾಲು ಮಾತ್ರ ಸುಳ್ಳು. ನಮ್ಮಮ್ಮ ಕುಡೀತಿರ್ಲಿಲ್ಲ."

"ತಪ್ಪಾಯ್ತಮ್ಮ," ಎಂದ ರೂಫಸ್ ಪೆಪ್ಪರ್ಮೆಂಟು ಕಟಕಟಿಸುತ್ತ. "ಮೂರನೇ ಸಾಲು?"

"ಮೂರನೇದು ನಮ್ಮತ್ತೆಗೆ ಸರಿಯಾಗುತ್ತೆ."

ದ್ವಿತೀಯಾರ್ಧಕ್ಕೆ ನಗಾರಿ ಕಾಲುವೆ ಕಡೆಗೆ ಬಂದಿತ್ತು. ಆ ಗೋಡೆಯಾಚೆಯೇ ಗ್ಯಾಸ್ ಬೀದಿಯ ಮನೆಗಳ ಸಾಲು. ಸೆಕೆಗೆ ಕಿಟಕಿಗಳೆಲ್ಲ ತೆರೆದಿದ್ದವು. ಹೆಸ್ಟರ್ ಬೀದಿಯಲ್ಲಿ ಜೆತ್ರೋನ ಗೇಟಿನ ಪಕ್ಕ ನಿಂತಿದ್ದಳು. ನಗಾರಿ ಕೇಳಿ ಮನೆಯಿಂದ ಮೊದಲು ಹೊರಬಂದವನ ಕೈಯಲ್ಲಿ ಭಾನುವಾರದ ಊಟದ ಫೋರ್ಕಿತ್ತು, ಅದರ ತುದಿಗೆ ಆಲೂಗಡ್ಡೆ.

"ಇವತ್ತು ಮ್ಯಾಚಿದೆಯಾ? ಜೂನ್‌ನಲ್ಲಿ?"

"ಇದೆ," ಎಂದಳು ಹೆಸ್ಟರ್. "ಹಾಲ್ಡನ್ ಜೊತೆ. ಸೋಲ್ತಿದೀವಿ."

ಅವನು ಆಲೂಗಡ್ಡೆ ನುಂಗಿ ಒಳಗೆ ಹೋದ. ಅವನ ಹಿಂದೆ ಚಪ್ಪಲಿ ಮೆಟ್ಟಿದವರು, ಅರ್ಧ ಕ್ಷೌರವಾದವರು, ಮಾವನನ್ನು ಕರೆದುಕೊಂಡು ಬಂದ ಅಳಿಯಂದಿರು. ಗೇಟು ಟಕ್ ಟಕ್ ಎನ್ನುತ್ತಲೇ ಇತ್ತು. ಸಾವಿರದ ಒಂಬೈನೂರ ಮೂವತ್ತು. ಅರವತ್ತೊಂದು. ಎಂಬತ್ತೇಳು. ಹೆಸ್ಟರಳ ಕಣ್ಣು ಎಣಿಕೆಯ ಮೇಲೆ, ಕಿವಿ ಗೋಡೆಯಾಚೆ. ಆಟವನ್ನು ಅವಳು ನಗಾರಿಯಲ್ಲೇ ನೋಡಿದಳು. ತೊಂಬತ್ತೆಂಟಕ್ಕೆ ಬೀದಿ ಖಾಲಿಯಾಯಿತು. ಆಗ ಮೂಲೆಮನೆಯ ಬಾಗಿಲು ತೆರೆದು, ಅಪ್ಪ, ಅಮ್ಮ, ಮೂರು ಮಕ್ಕಳು, ಐವರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಓಡಿ ಬಂದರು.

"ಎರಡು ಸಾವಿರದ ಮೂರು," ಎಂದ ಜೆತ್ರೋ, ಟೋಪಿಯಿಂದ ಮುಖ ಒರೆಸಿಕೊಂಡು. "ಒಳಗೆ ಹೋಗಮ್ಮ, ಕೊನೇ ನಿಮಿಷನಾದ್ರೂ ನೋಡು."

ಅವಳು ಗೇಟು ಬಿಟ್ಟು ಹೋಗಲಿಲ್ಲ. ಗೋಡೆಯಾಚೆ ನಗಾರಿ ಎಣಿಸುತ್ತಿತ್ತು. ಮೂರು. ನಾಲ್ಕು. ಐದು. ಆಮೇಲೆ ಎಣಿಕೆ ಮುರಿದು ಬೀದಿಯ ಗಾಜುಗಳೆಲ್ಲ ಅದುರುವಂಥ ಕೂಗು. ಬ್ರ್ಯಾಕ್‌ಶಾದವರು ಗೆರೆಯಾಚೆ ಚೆಂಡೂರಿದ್ದರು, ಅಂಕ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ಸಮ. ಇನ್ನು ಉಳಿದದ್ದು ಅದಕ್ಕೆ ಸಿಗುವ ಒಂದು ಒದೆತ. ಎಲ್ಲ ಸ್ತಬ್ಧ. ಹುಟ್ಟಿದಾಗಿನಿಂದ ಚೆಂಡು ಪಟ್ಟಿಯ ಮೇಲೆ ಹೋದರೆ ತಲೆ ಚಚ್ಚಿಕೊಂಡಿದ್ದ ಐನೂರು ಮಂದಿ, "ಮೇಲೆ ಹೋಗು, ಮೇಲೆ ಹೋಗು," ಎಂದು ಪಿಸುಗುಡುವುದು ಗೋಡೆ ದಾಟಿ ಕೇಳಿಸುತ್ತಿತ್ತು.

ಧಪ್ಪೆಂದು ಒಂದು ಸದ್ದು. ಮರುಕ್ಷಣ ಮೊಟ್ಟೆಯಂಥ ಚೆಂಡು ಗೋಡೆಯ ಮೇಲಿಂದ ಬಿಸಿಲಿಗೆ ಬಂದು, ಗ್ಯಾಸ್ ಬೀದಿಯ ಕಲ್ಲುಹಾಸಿನ ಮೇಲೆ ಅಡ್ಡಾದಿಡ್ಡಿ ಪುಟಿದು, ಹೆಸ್ಟರಳ ಬೂಟಿಗೆ ತಾಗಿ ನಿಂತಿತು. ಗೆದ್ದ ಕೂಗು ಆಮೇಲೆ ಕೇಳಿಸಿತು.

ಅವಳು ಚೆಂಡನ್ನು ಅಪ್ಪಿಕೊಂಡು ಒಳಗೆ ಓಡಿದಾಗ ವಿನಿಫ್ರೆಡ್ ಯಾರದೋ ನೀಲಿ ಅಂಗಿಗೆ ಮುಖವೊತ್ತಿ ಅಳುತ್ತಿದ್ದಳು. ರೂಫಸ್ ಆ ಮುದುಕನ ಜೊತೆ, ರೆಫರಿ ನಾಲ್ಕನೆಯದನ್ನು ಐದೆಂದು ಎಣಿಸಿದನೆಂದು ಹುಟ್ಟಾ ರಗ್ಬಿಯವನ ಹಾಗೆ ಜಗಳವಾಡುತ್ತಿದ್ದ.

ಬರ್ನಾರ್ಡ್ ಓಣಿಯ ಗೇಟಿನ ಹತ್ತಿರ, ಫುಟ್ಬಾಲ್ ಕ್ಲಬ್ಬಿಗೆ ಕೊಡಬೇಕಾದ ವರದಿಯ ಹಾಳೆ ಹಿಡಿದು ನಿಂತಿದ್ದ. ಹೆಸ್ಟರ್ ಎದುರು ಹೋಗಿ ನಿಂತಳು. ಆ ಹಾಳೆಯ ಕಡೆಗೇ ನೋಡಿದಳು.

"ಆ ಬೀಗಕ್ಕೆ ಎಣ್ಣೆ ಬಿಡಿಸ್ತೀನಿ," ಎಂದನವನು, ಸಹಿ ಹಾಕುತ್ತ. "ಪ್ರತಿ ಭಾನುವಾರ ತೆಗೀಬೇಕಾದ್ರೆ ಎಣ್ಣೆ ಬೇಕಾಗುತ್ತೆ."