ಕಂಠೆಪ್ಪನಿಗೆ ಹೆಗಲು

ಚಟ್ಟಕ್ಕೆ ಬಿಗಿಯುತ್ತಿದ್ದ ಹುರಿಯನ್ನು ಅರ್ಧಕ್ಕೇ ಬಿಟ್ಟು ಪರಶು ಎದ್ದು ನಿಂತ.

“ಶೈಲಾ, ಎಲ್ಲಾರ ಮುಂದ ಹೇಳು. ಆ ಕೇಸ್ ಹಿಂದಕ್ಕ ತಗೋತೀನಿ ಅನ್ನು. ಅಂದ್ರನ ನಾವು ಹೆಗಲ ಕೊಡೂದು.”

ಅಪ್ಪನ ಹಣೆಗೆ ಭಂಡಾರ ಹಚ್ಚುತ್ತಿದ್ದ ಶೈಲಾಳ ಬೆರಳು ಅಲ್ಲೇ ನಿಂತಿತು. ಗೋವಾದ ದಾಬೋಲಿಮ್‌ನ ಕೂಲಿಕಾರರ ಚಾಳಿನಲ್ಲಿ ಗೌಂಡಿ ಕಂಠೆಪ್ಪನ ಹೆಣ ಬೆಳಗಿನಿಂದ ಕಾಯುತ್ತಿತ್ತು.

“ಅಣ್ಣನ ಎದಿ ಒಡದದ್ದು ಆ ಕೇಸಿನ ಚಿಂತಿಗೇ,” ಎಂದು ಪರಶು ದನಿ ಏರಿಸಿದ. ಒಡಹುಟ್ಟಿದ ತಮ್ಮ, ಆದರೂ ವರ್ಷಗಳಿಂದ ಈ ಮನೆಯ ಹೊಸ್ತಿಲು ತುಳಿದವನಲ್ಲ. “ಆ ಮಾಸ್ತರನ ಕಡಿಯವ್ರು ನನ್ನ ಕಡೆ ಬಂದಿದ್ರು. ನನ್ನ ಮಗಳ ಲಗ್ನಾನೂ ಆಗಬೇಕಲ್ಲ?”

*

೨೦೦೭ರಲ್ಲಿ ಶೈಲಾ ಬಿ.ಎಸ್ಸಿ. ಓದುತ್ತಿದ್ದಳು. ಅಂಕಗಳ ವಿಷಯ ಮಾತಾಡಬೇಕೆಂದು ಲ್ಯಾಬಿಗೆ ಕರೆದ ಮಾಸ್ತರ ಒಳಗಿನಿಂದ ಚಿಲಕ ಹಾಕಿದ್ದ. ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ವಿಷಯ ತಿಳಿದಾಗ ಅವ್ವ ಸಾವಂತ್ರೆವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಪ್ಪ ಹೊಡೆಯುತ್ತಾನೆಂದು ಶೈಲಾ ಮೈ ಬಿಗಿಹಿಡಿದಿದ್ದಳು. ಕಂಠೆಪ್ಪ ಪಕ್ಕದಲ್ಲಿ ಕೂತ.

“ತಪ್ಪ ನಿಂದಲ್ಲವಾ. ಏಳು, ಒಂದ ತುತ್ತ ಉಣ್ಣು. ನಾಳೆ ಇಬ್ರೂ ಕಾಲೇಜಿಗೆ ಹೋಗೂಣು.”

ಪ್ರಾಚಾರ್ಯರು ಅವರಿಗೆ ಕುರ್ಚಿ ತೋರಿಸಲಿಲ್ಲ. ಹುಡುಗಿಯ ಹೆಸರು ಕೆಡುತ್ತದೆ, ಟೀಸಿ ಕೊಡುತ್ತೇವೆ, ಮಡಗಾಂವ್‌ನಲ್ಲಿ ಸೇರಿಸಿ ಎಂದರು.

“ಹೋಗೂದಾದ್ರ ಅಂವಾ ಹೋಗಬೇಕ್ರಿ. ನನ್ನ ಮಗಳು ಇಲ್ಲೇ ಕಲೀತಾಳ,” ಎಂದ ಕಂಠೆಪ್ಪ.

ಪೊಲೀಸ್ ಠಾಣೆಗೆ ಅವನೇ ಕರೆದೊಯ್ದ. ಕೂಲಿ ಬಿಟ್ಟು, ಸಿಮೆಂಟು ಮೆತ್ತಿದ ಅಂಗಿಯಲ್ಲೇ ಕಾಲೇಜಿನ ಗೇಟಿನ ಹೊರಗೆ ಕೂರುತ್ತಿದ್ದ. ಹುಡುಗಿಯರು ಮೊದಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರೇ ಬಂದು ತಮಗಾದದ್ದನ್ನು ಹೇಳತೊಡಗಿದರು. ಅವರ ಜೊತೆಗೂ ಠಾಣೆಗೆ ಹೋದ. ಕಡೆಗೆ ಮಾಸ್ತರ ಅಮಾನತಾದ, ದೂರು ಕೇಳಲು ಕಾಲೇಜು ಸಮಿತಿ ಮಾಡಿತು. ಕೇಸು ಮಾತ್ರ ಕೋರ್ಟಿನಲ್ಲಿ ವರ್ಷಗಟ್ಟಲೆ ತೆವಳುತ್ತಲೇ ಇತ್ತು. ನೆಂಟರು ಈ ಮನೆಯ ದಾರಿ ಮರೆತರು.

*

“ಹೂಂ ಅನ್ನು. ಹೊತ್ತ ಏರಾಕತ್ತೈತಿ,” ಪರಶು ಅವಸರಿಸಿದ.

ಶೈಲಾ ಎದ್ದಳು.

“ಕಾಕಾ, ಅಪ್ಪ ನನ್ನ ಕರಕೊಂಡು ಠಾಣೆ ಕಟ್ಟಿ ಮ್ಯಾಲ ಕುಂತಾಗ ನೀವೆಲ್ಲಿದ್ರಿ? ಇವತ್ತ ಅವನ ಹೆಣಾ ಮುಂದಿಟ್ಕೊಂಡು ಆ ಹೇಸಿಯ ವಕೀಲಿ ಮಾಡಾಕ ಬಂದೀರೇನು? ಕೇಸ್ ಬಿಡೂದಿಲ್ಲ. ನಿಮ್ಮ ಹೆಗಲ ನಿಮಗ ಇರಲಿ.”

ಪರಶು ಹುರಿ ಒದ್ದು ಹೊರಟ. ನೆಂಟರೂ ಅವನ ಹಿಂದೆ ಹೊರಟರು. ಕಂಠೆಪ್ಪನ ಜೊತೆ ಗಾರೆ ಕೆಲಸ ಮಾಡುತ್ತಿದ್ದ ಉಸ್ಮಾನ ಆ ಹುರಿ ಎತ್ತಿ ಉಳಿದ ಗಂಟು ಬಿಗಿದ. ಶೈಲಾ ಮುಂದಿನ ಬಿದಿರು ಹಿಡಿದಳು.

“ಹೆಣ್ಮಕ್ಕಳು ಹೊರ್ತಾರೇನು?” ಯಾರೋ ಗೊಣಗಿದರು.

“ನನ್ನ ಗಂಡ. ನಾ ಹೊರ್ತೀನಿ,” ಎಂದು ಸಾವಂತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಉಸ್ಮಾನ ಹಿಂದಿನ ಒಂದು ತುದಿ ಹಿಡಿದ. ನಾಲ್ಕನೆಯ ತುದಿಗೆ ಜನ ಇರಲಿಲ್ಲ. ಚಾಳಿನ ಗಂಡಸರು ಮುಖ ಮುಖ ನೋಡಿಕೊಂಡರು.

ಗುಂಪಿನ ಹಿಂದಿನಿಂದ ಹುಡುಗಿಯೊಬ್ಬಳು ಬಂದಳು. ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಓಢಣಿ ಸುತ್ತಿದ್ದಳು.

“ನಾ ಪ್ರಾಚಿ,” ಎಂದು ಶೈಲಾಳಿಗೆ ಮೆಲ್ಲಗೆ ಹೇಳಿದಳು. “ಹೋದ ವರ್ಷ ನನಗೂ ಹಂಗ ಆದಾಗ ನನ್ನ ಜೋಡಿ ಠಾಣೆಗೆ ಬಂದವ್ರು ಇವ್ರೊಬ್ಬರೇ ರೀ.”

ಎಲ್ಲರೂ ಅವಳನ್ನೇ ದಿಟ್ಟಿಸುತ್ತಿದ್ದರು. ಪ್ರಾಚಿ ಓಢಣಿ ಬಿಚ್ಚಿದಳು. ಅದನ್ನು ದಪ್ಪಗೆ ಮಡಚಿ ಹೆಗಲ ಮೇಲಿಟ್ಟುಕೊಂಡು, ಬಿದಿರಿನ ಕೆಳಗೆ ಬಗ್ಗಿದಳು.