ಸಾಲಿನ ತಲೆಗೊಂದು ಪುಂಡಿ ಗಿಡ

ಊರಿನ ಹೆಸರು ಬೇಡ, ಹೇಳಿದರೆ ಜಗಳಕ್ಕೆ ಬರುತ್ತಾರೆ. ಆ ಊರಿನ ಬೀಜದ ಹೊಲದಲ್ಲಿ ನಾಲ್ಕು ಸಾಲು ಹೆಣ್ಣುಜೋಳ, ಎರಡು ಸಾಲು ಗಂಡುಜೋಳ ನಿಂತಿದ್ದವು. ಹೆಣ್ಣುಜೋಳದ ಹೂವಿನಲ್ಲಿ ಪರಾಗವೇ ಇರಲಿಲ್ಲ; ಅದು ವಂಶದ ಕೊರತೆ. ಬೇರೆ ಜೋಳದ ಪರಾಗ ಬಿದ್ದರೂ ಕಾಳೇನೋ ಕಟ್ಟೀತು, ಆದರೆ ಆ ಕಾಳಿನಿಂದ ಹುಟ್ಟಿದ್ದೂ ಬರಡೇ. ಈ ಗಂಡುಜೋಳದ ಪರಾಗ ಬಿದ್ದರೆ ಮಾತ್ರ ಮಕ್ಕಳ ಹೂವಿಗೆ ಪರಾಗ ಮರಳುತ್ತಿತ್ತು.

ಗಂಡುಸಾಲುಗಳ ತಲೆಗೆ ಮಾತ್ರ ಒಂದೊಂದು ಪುಂಡಿ ಗಿಡ ನೆಟ್ಟಿದ್ದರು. ಪಲ್ಯ ಮಾಡುತ್ತಾರಲ್ಲ, ಅದೇ ಪುಂಡಿ. ಬದುವಿನ ಪಕ್ಕದ ಗಂಡುಜೋಳಕ್ಕೆ ಎಂಥ ಜಂಬ!

“ನೋಡ್ರಿ, ನಮಗ ಮರ್ಯಾದಿ ಮಾಡ್ಯಾರ,” ಎಂದ.

“ಮಾಡ್ಲಿ ಬಿಡು. ನಿನಗ ಬೇಕಾದ್ದೇನು?” ಎಂದಳು ಪಕ್ಕದ ಹೆಣ್ಣುಜೋಳ.

“ನಮ್ಮ ಮಕ್ಕಳ ತೆನಿಯಿಂದ ಪರಾಗ ಉದುರೂದನ್ನ ಒಮ್ಮೆ ನೋಡಬೇಕು. ಅಷ್ಟ ಸಾಕು.”

ಗಾಳಿ ಬೀಸಿದಾಗಲೆಲ್ಲ ಅವನು ತನ್ನಲ್ಲಿದ್ದುದನ್ನೆಲ್ಲ ಸುರಿದ. ಹೆಣ್ಣುತೆನೆಗಳಲ್ಲಿ ಕಾಳು ಕಟ್ಟಿತು. ಕಟ್ಟಿದ್ದೇ ತಡ, ಕೂಲಿಯ ದ್ಯಾಮವ್ವ ಕುಡುಗೋಲು ಹಿಡಿದು ಬಂದು ನೇರ ಪುಂಡಿ ಗಿಡದ ಹತ್ತಿರವೇ ನಿಂತಳು.

“ಯವ್ವಾ, ನನ್ನನ್ಯಾಕ?” ಎಂದ ಗಂಡುಜೋಳ.

“ಕಾಳು ಕಟ್ಟಿದ ಮ್ಯಾಲೆ ಗಂಡುಸಾಲು ಕಡೀಬೇಕು, ಬೀಜ ಬೆರಿಬಾರದು. ಸಾಲು ತಪ್ಪಬಾರದಂತನ ಪುಂಡಿ ಹಚ್ಚಿದ್ದು, ತಮ್ಮಾ.”

ಅಯ್ಯಯ್ಯೋ! ಮರ್ಯಾದೆ ಎಂದುಕೊಂಡದ್ದು ಕುಡುಗೋಲಿಗೆ ಇಟ್ಟ ಗುರುತು! ಮಧ್ಯಾಹ್ನದ ಹೊತ್ತಿಗೆ ಗಂಡುಜೋಳ ಎತ್ತುಗಳ ಮುಂದೆ ಮೇವಾಗಿ ಬಿದ್ದಿತ್ತು.

ಆದರೆ ಬದುವಿಗೆ ಅಂಟಿದ್ದ ಅವನ ಬುಡಕ್ಕೆ ನೇಗಿಲು ತಾಗಲಿಲ್ಲ. ಮುಂದಿನ ಹಂಗಾಮಿನಲ್ಲಿ ಕೂಳೆ ಚಿಗುರಿ ಮೊಣಕಾಲೆತ್ತರಕ್ಕೆ ಎದ್ದ. ಆ ಹೊಲಕ್ಕೆ ಅದೇ ಬೀಜ ಬಿತ್ತಿದ್ದರು; ಸುತ್ತಲೂ ಅವನ ಮಕ್ಕಳೇ, ಆಳೆತ್ತರದ ಜೋಳ. ಗಾಳಿ ಬೀಸಿತು. ಹಳದಿ ಪರಾಗ ಅವನ ತಲೆಯ ಮೇಲೆಲ್ಲ ಉದುರಿತು. ಅವನಿಗೆ ಸಂತೋಷಕ್ಕೆ ಅಳುವೇ ಬಂತು.

ಎತ್ತರದ ಮಗನೊಬ್ಬ ಬಗ್ಗಿ ನೋಡಿದ. “ದ್ಯಾಮವ್ವಾ, ಇಲ್ಲೊಂದು ಗಿಡ್ಡಂದು ಎದ್ದೈತಿ. ನಮ್ಮ ಪೈಕಿ ಅಲ್ಲ.”

“ಸುಗ್ಗಿಗಿಂತ ಮುಂಚೆ ಕಡೀತೀನಿ ತಗೊ. ಆದರ ಇಷ್ಟು ಬೆಳಿಯೊಳಗ ಅದನ್ನ ಹ್ಯಾಂಗ ಗುರುತು ಹಿಡೀಲಿ?”

“ನಾವು ಕಾಳಾಗಿದ್ದಾಗ ನಮ್ಮವ್ವ ಹೇಳಿದ್ಳು,” ಎಂದ ಮಗ. “ಅದರ ಪಕ್ಕ ಒಂದು ಪುಂಡಿ ಗಿಡ ಹಚ್ಚು.”